ರೈಲುಬಂಡಿಯ ಆಟವೂ ಪೂರ್ವರಾಗವೂ

ದಮಯಂತಿಯು ನಳನನ್ನು ಕಣ್ಣಾರೆ ಕಾಣುವುದಕ್ಕೆ ಮೊದಲೇ ಹಂಸದ ಬಾಯಿಂದ ಅವನ ಗುಣಗಳನ್ನು ಕೇಳಿ ಅವನಲ್ಲಿ ಅನುರಕ್ತೆಯಾದಳು. ಇಂಥ ಅನುರಾಗಕ್ಕೆ ಆಲಂಕಾರಿಕರು ಪೂರ್ವರಾಗವೆಂದು ಹೆಸರಿಟ್ಟು, ಅದು ಶ್ರವಣದಿಂದಲೂ ದರ್ಶನದಿಂದಲೂ ಹುಟ್ಟುವುದೆಂದೂ, ಆ ದರ್ಶನವು ಸಾಕ್ಷಾತ್ತಾಗಿ ಮಾತ್ರವಲ್ಲದೆ ಚಿತ್ರದಲ್ಲಿಯೂ ಸ್ವಪ್ನದಲ್ಲಿಯೂ ಇಂದ್ರಜಾಲದಲ್ಲಿಯೂ ಆಗಬಹುದೆಂದೂ ವಿಂಗಡಿಸಿರುವರು. ನಾಯಕನಾಯಿಕೆಯರನ್ನು ಕುರಿತು ಹೇಳಿದ ಈ ಲಕ್ಷಣವು ಕೃತಿಯ ವಿಷಯದಲ್ಲಿಯೂ ಸಲ್ಲುವುದೇ? ಇನ್ನೂ ಹುಟ್ಟದ ಕೃತಿಯಲ್ಲಿ ರಸಿಕನು ಇಡುವ ಪ್ರೀತಿಯು ವಿಮರ್ಶೆಗೆ ವಿಷಯವಾಗಬಲ್ಲುದೇ? ಗಣಕಯಂತ್ರದ ತೆರೆಯ ಮೇಲೆ ರೈಲುಬಂಡಿಯನ್ನು ನಡೆಯಿಸುವ ಆಟಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ತಕ್ಕ ಉದಾಹರಣೆಯೊಂದು ದೊರೆಯುವುದು. ಆಟವೆಂದ ಮಾತ್ರಕ್ಕೆ ಪಂಡಿತರು ಮೂಗು ಮುರಿಯಬೇಕಾದುದಿಲ್ಲ. ಭರತನ ಶಾಸ್ತ್ರದಲ್ಲಿ ದೇವತೆಗಳು ಬ್ರಹ್ಮನನ್ನು ಬೇಡಿದುದು ಕ್ರೀಡನೀಯಕವನ್ನೇ.

2001ನೆಯ ಇಸವಿಯಲ್ಲಿ ಅಮೆರಿಕೆಯ ಮೈಕ್ರೋಸಾಫ್ಟ್ ಕಂಪೆನಿಯು ‘ಟ್ರೇನ್ ಸಿಮ್ಯುಲೇಟರ್’ ಎಂಬ ಆಟವನ್ನು ಪ್ರಕಟಿಸಿತು. ಅದನ್ನು ರಚಿಸಿದವರು ಇಂಗ್ಲೆಂಡಿನ ಕೂಜು ಎಂಬ ಸಂಸ್ಥೆಯವರು. ಅದರಲ್ಲಿ ಆರು ರೈಲುದಾರಿಗಳಿದ್ದುವು: ಅಮೆರಿಕೆಯ ಎರಡು, ಜಪಾನಿನ ಎರಡು, ಆಸ್ಟ್ರಿಯ ದೇಶದ ಒಂದು, ಇಂಗ್ಲೆಂಡಿನ ಸೆಟ್‌ಲ್–ಕಾರ್ಲೈಲ್ ದಾರಿ ಒಂದು. ಈ ಕೊನೆಯದರ ಮೇಲೆ ಆಟಗಾರನು ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಹೆಸರಾಂತ ಉಗಿಯಂತ್ರವನ್ನು ನಡೆಯಿಸಬೇಕು. ಆ ದಾರಿಯು ನೂರು ಅಡಿಗೆ ಒಂದಡಿಯಂತೆ ಮೈಲಿಗಟ್ಟಲೆ ಏರುತ್ತ, ಇಪ್ಪತ್ತನಾಲ್ಕು ಕಮಾನುಗಳ ರಿಬಲ್‌ಹೆಡ್ ಸೇತುವೆಯನ್ನು ದಾಟಿ, ಸಮುದ್ರಮಟ್ಟಕ್ಕೆ 1169 ಅಡಿ ಎತ್ತರದ ನೆತ್ತಿಯನ್ನು ಮುಟ್ಟುವುದು. ಕಲ್ಲಿದ್ದಲನ್ನು ಹೊತ್ತಿಗೆ ಸರಿಯಾಗಿ ಹಾಕದಿದ್ದರೆ ಉಗಿಯು ಕುಂದುವುದು; ಉಗಿಯನ್ನು ಒಮ್ಮೆಲೇ ಬಿಟ್ಟರೆ ಚಕ್ರಗಳು ಹಳಿಯ ಮೇಲೆ ಜಾರುವುವು. ಉದ್ದವಾದ ಸಾಮಾನುಬಂಡಿಯಲ್ಲಿಯಾದರೋ ಕಷ್ಟವು ಬೇರೊಂದು ಬಗೆಯದು. ಬ್ರೇಕಿನ ಗಾಳಿಯು ಕೊಳವೆಯಲ್ಲಿ ಹರಿದು ಕಡೆಯ ಡಬ್ಬಿಗೆ ತಲಪಲು ಕಾಲ ಹಿಡಿಯುವುದರಿಂದ, ನಿಲ್ಲಬೇಕಾದ ಸ್ಥಳವನ್ನು ಬಹು ಮುಂಚಿತವಾಗಿಯೇ ಎಣಿಸಿಕೊಂಡಿರಬೇಕು. ಶತ್ರುವಿಲ್ಲ, ಯುದ್ಧವಿಲ್ಲ, ಗೆಲುವೆಂಬುದು ಹೊತ್ತಿಗೆ ಸರಿಯಾಗಿ ಠಾಣೆಯಲ್ಲಿ ನಿಲ್ಲುವುದಷ್ಟೆ. ಹೀಗಿದ್ದರೂ ಅದಕ್ಕೆ ಮನಸೋತವರು ಅನೇಕ ದೇಶಗಳಲ್ಲಿ ಹುಟ್ಟಿದರು.

ಇದು ಕೇವಲ ಯಂತ್ರಕೌಶಲವು, ಇದರಲ್ಲಿ ಆಸ್ವಾದಕ್ಕೆ ಎಡೆಯೆಲ್ಲಿ ಎಂದು ಆಕ್ಷೇಪಿಸುವವರು ಶಂಕುಕನ ಚಿತ್ರತುರಗನ್ಯಾಯವನ್ನು ನೆನೆಯಬೇಕು. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡಾಗ ಹುಟ್ಟುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಇದು ಕುದುರೆಗೆ ಸಮಾನವೆಂಬ ಸಾದೃಶ್ಯಜ್ಞಾನವೂ ಅಲ್ಲ. ತೆರೆಯ ಮೇಲಿನ ಬಂಡಿಯನ್ನು ನಡೆಯಿಸುವವನ ಸ್ಥಿತಿಯು ಇದೇ. ತಾನು ಕುರ್ಚಿಯ ಮೇಲೆ ಕುಳಿತಿರುವುದನ್ನು ಅವನು ಮರೆತಿಲ್ಲ. ಆದರೂ ಕೆಂಪು ಕೈಮರವು ಹತ್ತಿರವಾದಂತೆ ಅವನ ಕೈ ಬಿಗಿಯುವುದು. ಭಟ್ಟತೌತನು ಅನುಕರಣವಾದವನ್ನು ಖಂಡಿಸಿದುದು ಸರಿಯೇ. ಆದರೆ ಆ ಖಂಡನೆಯು ಬಲವಾಗುವುದು ಪ್ರೇಕ್ಷಕನು ಸುಮ್ಮನೆ ನೋಡುವವನಾಗಿದ್ದಾಗ. ಇಲ್ಲಿ ನೋಡುವವನೇ ನಟನು.

ಇನ್ನು ಪೂರ್ವರಾಗದ ಪ್ರಸಂಗ. 2003ರಲ್ಲಿ ಇದೇ ಆಟದ ಎರಡನೆಯ ಅವತಾರವು ಬರಲಿದೆಯೆಂದು ಸಾರಲಾಯಿತು. ಮೊದಲನೆಯದರಲ್ಲಿದ್ದ ಕೊರತೆಗಳು ನೀಗುವುವೆಂದು ರಸಿಕರು ನಂಬಿ ಕಾದರು. ಆ ಕೆಲಸವು ಕೂಜು ಸಂಸ್ಥೆಯ ಕೈಯಿಂದ ಮೈಕ್ರೋಸಾಫ್ಟಿನವರ ಕೈಗೆ ಹೋಗಿ, 2004ರಲ್ಲಿ ನಿಂತುಹೋಯಿತು. 2007ರ ಜನವರಿಯಲ್ಲಿ ಅದೇ ಕಂಪೆನಿಯು ಮತ್ತೊಮ್ಮೆ ಮಾತು ಕೊಟ್ಟಿತು. ಈ ಸಲ ವಿಮಾನದ ಆಟಗಳಿಗೆ ಪ್ರಸಿದ್ಧವಾಗಿದ್ದ ಏಸಸ್ ಎಂಬ ತನ್ನದೇ ಶಾಖೆಯು, ವಿಮಾನದ ಆಟಕ್ಕಾಗಿ ಕಟ್ಟಿದ್ದ ಭೂಮಂಡಲದ ಮೇಲೆಯೇ ಹಳಿ ಹಾಸುವುದೆಂದು ತಿಳಿದುಬಂದಾಗ, ಕಾಯುವವರ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಚಿತ್ರಗಳು ಬಂದುವು, ಒಳಗಿನ ಕೆಲಸವನ್ನು ಕುರಿತ ಮಾತುಗಳು ಬಂದುವು. 2009ರ ಜನವರಿಯಲ್ಲಿ ಆ ಶಾಖೆಯೇ ಮುಚ್ಚಿತು.

ನಾಟಕದ ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮಗಳೆಂದು ಐದು ಅವಸ್ಥೆಗಳಷ್ಟೆ. ಈ ಎರಡು ಕಥೆಗಳೂ ಪ್ರಾಪ್ತ್ಯಾಶೆಯಲ್ಲಿಯೇ ಮುರಿದುವು. ಒಮ್ಮೆ ಸತ್ತುದೆಂದು ಅತ್ತ ಮೇಲೆ ಮತ್ತೆ ಬರುವುದೆಂಬ ವಾಣಿಯನ್ನು ಕೇಳಿ ಕಾದ ಮಹಾಶ್ವೇತೆಯ ಅವಸ್ಥೆಯನ್ನು ಬಾಣನಲ್ಲಿಯೂ, ಅದನ್ನು ಕನ್ನಡಕ್ಕೆ ತಂದ ನಾಗವರ್ಮನಲ್ಲಿಯೂ ಓದಿದವರಿಗೆ 2007ರ ಸಂತೋಷವು ಸುಲಭವಾಗಿ ತಿಳಿಯುವುದು. ಆದರೆ ಪುಂಡರೀಕನು ಬಂದನು. ಇಲ್ಲಿ ಬರಲಿಲ್ಲ.

ಈ ಎಡೆಯಲ್ಲಿ ವಿಮರ್ಶಕನು ಒಂದು ವಿಚಾರದಲ್ಲಿ ಎಚ್ಚರವಾಗಿರತಕ್ಕದ್ದು. ನೇಪಥ್ಯವು ತೆರೆಯ ಹಿಂದೆ ಇರಬೇಕಾದುದು. ಆಟಗಳನ್ನು ಮಾರುವವರಾದರೋ ಈಗ ನೇಪಥ್ಯವನ್ನೇ ರಂಗಕ್ಕೆ ತಂದು ತೋರಿಸುವರು: ಯಂತ್ರದ ಸದ್ದನ್ನು ನಿಜವಾದ ಯಂತ್ರದ ಬಳಿಯೇ ಹಿಡಿದೆವು, ಬೆಟ್ಟಗಳ ಏರಿಳಿತವನ್ನು ಭೂಮಾಪನದ ಅಂಕಿಗಳಿಂದ ತೆಗೆದೆವು, ನಿಲ್ದಾಣದ ಇಟ್ಟಿಗೆಗಳನ್ನು ಛಾಯಾಚಿತ್ರಗಳಿಂದ ತಂದೆವು ಎಂದು. ಇದನ್ನು ಕೇಳಿದ ರಸಿಕನು ಶ್ರಮಕ್ಕೆ ಮೆಚ್ಚಿ ಕೃತಿಗೆ ಮೆಚ್ಚಿದೆನೆಂದು ಭ್ರಮಿಸುವನು. ಕವಿಯು ಎಷ್ಟು ಎಣ್ಣೆ ಸುಟ್ಟನೆಂಬುದು ಕಾವ್ಯದ ಗುಣವಲ್ಲ. ಇದೂ ಸಾಲದೆಂಬಂತೆ, ಮುಂಚಿತವಾಗಿ ತೋರಿಸುವ ಚಿತ್ರವು ನಿಂತ ಚಿತ್ರವು. ಬಂಡಿಯ ಆಟದ ಜೀವವು ಚಲನೆಯಲ್ಲಿರುವುದು. ಹೊಳೆಯುವ ಬಣ್ಣವೂ ನೀರಿನಲ್ಲಿ ಮೂಡಿದ ನೆರಳೂ ಚಿತ್ರದಲ್ಲಿ ಕಾಣುವುವು. ಬ್ರೇಕಿನ ತಡವು ಕಾಣದು. ಆದುದರಿಂದ ಬರಲಿರುವ ಆಟಕ್ಕೆ ಕೊಡುವ ಪ್ರಶಂಸೆಯೆಲ್ಲವೂ ಅದರ ಅತ್ಯಂತ ಗೌಣವಾದ ಅಂಶಕ್ಕೆ ಸಲ್ಲುವ ಪ್ರಶಂಸೆಯೇ. ಹುಟ್ಟದ ಎರಡು ಆಟಗಳನ್ನು ಇಂದಿಗೂ ಶ್ರೇಷ್ಠವೆಂದು ಕೊಂಡಾಡಿದರೆ, ಅದು ಕಾದವರ ಹೃದಯದ ವರ್ಣನೆಯೇ ಹೊರತು ಕೃತಿವಿಮರ್ಶೆಯಲ್ಲ.

ಹಾಗಾದರೆ ಆ ಕಾಯುವಿಕೆಯು ಬರಿದಾಯಿತೇ? ಆಗಲಿಲ್ಲ. ಆ ಕಾಲದಲ್ಲಿ ನಡೆದುದರ ಬೆಲೆಯು ಮಾತು ಕೊಟ್ಟವರಿಂದ ಬಂದುದಲ್ಲ, ಕಾದವರಿಂದ ಬಂದುದು. 2001ರ ಆಟದಲ್ಲಿ ದೋಷಗಳು ಅನೇಕವಿದ್ದುವು. ಹಳಿಗಳು ಮೊದಲೇ ಕತ್ತರಿಸಿಟ್ಟ ತುಂಡುಗಳಾಗಿದ್ದು ನಿಜವಾದ ತಿರುವುಗಳಿಗೆ ಒಗ್ಗುತ್ತಿರಲಿಲ್ಲ. ದಾರಿಯನ್ನು ಕಟ್ಟುವ ಉಪಕರಣವು ಕೆಲಸದ ನಡುವೆಯೇ ನಿಂತುಹೋಗಿ ಮಾಡಿದ ಶ್ರಮವನ್ನು ನುಂಗುತ್ತಿತ್ತು. ಆದರೆ ಆ ದೋಷಗಳನ್ನೆಲ್ಲ ಮರೆಯಿಸುವ ಗುಣವೊಂದು ಅದರಲ್ಲಿತ್ತು. ಯಂತ್ರದ ತೂಕವೆಷ್ಟು, ಎಳೆಯುವ ಬಲವೆಷ್ಟು, ಬ್ರೇಕಿನ ಒತ್ತಡವೆಷ್ಟು ಎಂಬುದನ್ನೆಲ್ಲ ಅಕ್ಷರಗಳಲ್ಲಿಯೇ ಬರೆದಿಟ್ಟಿದ್ದ ಕಡತಗಳನ್ನು ಯಾರು ಬೇಕಾದರೂ ತೆರೆದು ಓದಬಹುದಾಗಿತ್ತು, ತಿದ್ದಬಹುದಾಗಿತ್ತು. ನೇಪಥ್ಯದ ಬಾಗಿಲಿಗೆ ಬೀಗವಿರಲಿಲ್ಲ. ಎರಡನೆಯ ಆಟವು ಬಾರದಿದ್ದಾಗ ಕಾಯುವವರು ಒಳಗೆ ನುಗ್ಗಿ, ತಮ್ಮ ತಮ್ಮ ಊರಿನ ದಾರಿಗಳನ್ನೂ ಬಂಡಿಗಳನ್ನೂ ತಾವೇ ಕಟ್ಟಿಕೊಂಡರು. ಒಗ್ಗದ ಹಳಿಗಳ ಬದಲು ಹೊಸ ತುಂಡುಗಳನ್ನು ರಚಿಸಿ ಹಂಚಿದರು. ಪ್ರೇಕ್ಷಕನು ನಟನಾದುದನ್ನು ಮೇಲೆ ಹೇಳಿತಷ್ಟೆ. ಈಗ ಅವನು ಸೂತ್ರಧಾರನೂ ಆದನು. ಈ ಪ್ರಯತ್ನವು ಮುಂದುವರಿದು ‘ಓಪನ್ ರೈಲ್ಸ್’ ಎಂಬ ಕ್ರಮವಿಧಿಯಾಯಿತು. ಹಳೆಯ ಆಟಕ್ಕಾಗಿ ಕಟ್ಟಿದ ದಾರಿಗಳನ್ನು ಹೊಸ ಯಂತ್ರಗಳ ಮೇಲೆ ನಡೆಯಿಸುವ ಈ ಉಚಿತವಾದ ಕೃತಿಯನ್ನು ಸ್ವಯಂಸೇವಕರು ರಚಿಸಿ, 2015ರಲ್ಲಿ ಅದರ ಮೊದಲನೆಯ ಪೂರ್ಣರೂಪವನ್ನು ಹೊರತಂದರು. ಮೂಲಗ್ರಂಥದ ಭಾಷೆಯು ಹಳತಾದಾಗ ವ್ಯಾಖ್ಯಾನಕಾರರು ಮಾಡುವ ಕೆಲಸವು ಇದೇ. ಮಲ್ಲಿನಾಥನಿಲ್ಲದೆ ಕಾಳಿದಾಸನನ್ನು ಓದುವವರು ಎಷ್ಟು ಮಂದಿ?

ಕೂಜು ಸಂಸ್ಥೆಯ ‘ರೈಲ್ ಸಿಮ್ಯುಲೇಟರ್’ 2007ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯ ಮೂಲಕ ಹೊರಬಂದು, 2009ರಲ್ಲಿ ‘ರೈಲ್‌ವರ್ಕ್ಸ್’ ಎಂಬ ಹೆಸರಿನಿಂದ ಮುಂದುವರಿದು, ಇಂದಿನ ಡವ್‌ಟೇಲ್ ಸಂಸ್ಥೆಯ ಆಟಗಳಿಗೆ ಬೀಜವಾಯಿತೆಂಬುದನ್ನೂ ಇಲ್ಲಿ ಹೇಳಬೇಕು. ಕಣ್ಣಿಗೆ ಅದು ಹಿರಿಯದಕ್ಕಿಂತ ಬಹಳ ಮೇಲು. ಆದರೆ ದಾರಿಗಳನ್ನೂ ಬಂಡಿಗಳನ್ನೂ ಬಿಡಿಬಿಡಿಯಾಗಿ ಮಾರುವ ಪದ್ಧತಿಯು ಅಲ್ಲಿ ಬೆಳೆದುದರಿಂದ, ರಸಿಕನು ಮತ್ತೆ ಬಾಗಿಲ ಬಳಿ ಕಾಯುವ ಗಿರಾಕಿಯಾಗುವ ಅಪಾಯವುಂಟಾಯಿತು. ತಿದ್ದುವ ಉಪಕರಣಗಳನ್ನು ಆ ಆಟದೊಡನೆ ಕೊಟ್ಟುದು ಅದರ ಪುಣ್ಯವು.

ಚಿತ್ರತುರಗದ ಮಾತನ್ನು ಇನ್ನೊಮ್ಮೆ ಎತ್ತಬೇಕಾಗಿದೆ. ಆರು ದಾರಿಗಳಲ್ಲಿ ಒಂದು ಜಪಾನಿನ ಕ್ಯೂಷು ದ್ವೀಪದ ಹಿಸಾತ್ಸು ದಾರಿಯೆಂದು ತಿಳಿಯತಕ್ಕದ್ದು. ಕುಮಾ ನದಿಯ ದಂಡೆಯನ್ನು ಹಿಡಿದು ಹೋಗಿ, ಓಕೊಬಾ ಎಂಬ ಠಾಣೆಯ ಬಳಿ ಸುರುಳಿಯಾಗಿ ಸುತ್ತುತ್ತ, ಆ ಸುತ್ತಿನ ಒಳಗೆಯೇ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ನಡೆದು ಬೆಟ್ಟವನ್ನೇರುವ ಈ ದಾರಿಯು ಬಹು ವಿರಳವಾದುದು. ದೊಡ್ಡ ನಗರಗಳ ವೇಗದ ಬಂಡಿಗಳನ್ನು ಬಯಸಿದವರು 2001ರಲ್ಲಿ ಒಂದೋ ಎರಡೋ ಡಬ್ಬಿಯ ಈ ಹಳ್ಳಿಯ ಬಂಡಿಯನ್ನು ಕಂಡು ನಿರಾಶರಾಗಿದ್ದರೆ ಆಶ್ಚರ್ಯವಿಲ್ಲ. 2020ರ ಜುಲೈ ತಿಂಗಳಲ್ಲಿ ಕುಮಾ ನದಿಯು ಉಕ್ಕಿ ಬಂದು, ನೂರು ವರ್ಷಕ್ಕೂ ಹಳೆಯವಾದ ಎರಡು ಉಕ್ಕಿನ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಯಾತ್ಸುಷಿರೊದಿಂದ ಯೋಷಿಮಾತ್ಸುವಿನವರೆಗೂ ಬಂಡಿಗಳು ನಿಂತುವು. ಹಳೆಯ ಆಟದಲ್ಲಿ ಆ ಸೇತುವೆಗಳ ಮೇಲೆ ಡೀಸೆಲ್ ಬಂಡಿಯು ಇನ್ನೂ ಹೋಗುತ್ತದೆ. ಓಕೊಬಾದಲ್ಲಿ ನಿಂತು, ಡ್ರೈವರನು ಇನ್ನೊಂದು ತುದಿಯ ಕೋಣೆಗೆ ನಡೆದು, ಬಂಡಿಯನ್ನು ಹಿಂದಕ್ಕೆ ಬಿಡುತ್ತಾನೆ.