ಸಾಯದೆ ಉಳಿದವಳ ಲೆಕ್ಕ

ನಮ್ಮ ಕನ್ನಡ ಕಥೆಗಳಲ್ಲಿ ಗಂಡ ಬಿಟ್ಟ ಹೆಂಗಸಿಗೆ ಬರವಿಲ್ಲ. ಅವಳು ಅಳುತ್ತಾಳೆ, ಬಾವಿಗೆ ಹಾರುತ್ತಾಳೆ, ಇಲ್ಲವೇ ಕಿಟಕಿ ಹಿಡಿದು ನಿಂತು ಒಂಟಿತನವನ್ನು ಧ್ಯಾನಿಸುತ್ತಾಳೆ. ಆದರೆ ತಿಂಗಳ ಇಪ್ಪತ್ತಕ್ಕೇ ಅಕ್ಕಿ ಡಬ್ಬದ ತಳ ಕಂಡಾಗ ಯಾವ ಅಂಗಡಿಗೆ ಹೋಗಿ, ಏನು ಹೇಳಿ ಸಾಲ ತರುತ್ತಾಳೆ ಅಂತ ಬರೆದವರು ಎಷ್ಟು ಮಂದಿ? ಹಸಿವನ್ನು ಸಂಕೇತ ಮಾಡಿ ಕೂತ ಸಾಹಿತಿಗಳಿಗೆ ಹಸಿವಿನ ಲೆಕ್ಕ ಬೇಕಾಗಲೇ ಇಲ್ಲ.

ಈ ಪ್ರಶ್ನೆಯನ್ನು ಒಂದು ಒಳ್ಳೆಯ ಕೃತಿಗೇ ಕೇಳೋಣ. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕನ್ನಡದಲ್ಲಿ ಯಾರೂ ತೆರೆಯದ ಬಾಗಿಲನ್ನು ತೆರೆಯಿತು. ಅಪ್ಪನ ಹಠಕ್ಕೆ ನಾದಿರಾಳ ಸಂಸಾರ ಮುರಿಯುತ್ತದೆ. ಹೆತ್ತ ಮಗುವಿನ ತಾಯಿ ತನ್ನ ಗಂಡನನ್ನೇ ಮತ್ತೆ ಸೇರಬೇಕಾದರೆ ಇನ್ನೊಬ್ಬನ ಜತೆ ಒಂದು ರಾತ್ರಿ ಕಳೆಯಬೇಕು. ಅವಳು ನೀರಿನ ಪಾಲಾಗುತ್ತಾಳೆ. ಆ ಸಾವು ಸುಳ್ಳಲ್ಲ. ಪುರೋಹಿತಶಾಹಿಯ ಮುಖಕ್ಕೆ ಅದು ಹೊಡೆದ ಹೊಡೆತ ಇವತ್ತಿಗೂ ಉರಿಯುತ್ತದೆ.

ಆದರೂ ಕೇಳಬೇಕು: ನಾದಿರಾ ಸತ್ತಳು, ಓದುಗ ಅತ್ತ. ಸಾಯದೆ ಮನೆಗೆ ವಾಪಸು ಬಂದವಳ ಗತಿಯೇನು? ಮರುದಿನ ಬೆಳಿಗ್ಗೆ ಮಗುವಿಗೆ ಗಂಜಿ ಯಾರು ಕೊಟ್ಟರು? ಕಾದಂಬರಿ ಮುಗಿಯುವ ಜಾಗದಲ್ಲೇ ಹೆಚ್ಚಿನ ಹೆಂಗಸರ ಬದುಕು ಶುರುವಾಗುತ್ತದೆ.

ಸಾರಾ ಬಾಳಿದ್ದು, ಬರೆದದ್ದು ಮಂಗಳೂರಿನಲ್ಲಿ. ಅದೇ ಊರಿನ ಮಣ್ಣಗುಡ್ಡದ ಮಹಡಿ ಮನೆಗಳಿಗೆ ಪಾತ್ರೆ ತೊಳೆಯಲು ಬರುವವಳೊಬ್ಬಳನ್ನು ಕಥೆಗೆ ತನ್ನಿ. ಬೆಳಿಗ್ಗೆ ಎರಡು ಮನೆ, ಸಂಜೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ. ಬ್ರಾಂಚಿನವನು ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು. ಸಂಘದ ಸಾಲದ ಕಂತು ವಾರವಾರ ತಪ್ಪದು. ಬಾಡಿಗೆಗೆ ಕೋಣೆ ಕೇಳಿದರೆ ಮೊದಲ ಪ್ರಶ್ನೆ, "ಗಂಡ ಎಲ್ಲಿದ್ದಾರೆ?" ಎರಡನೆಯದು, "ನೀವು ಯಾವ ಜನ?" ದಲಿತಳಾದರೆ ಎರಡನೆಯದಕ್ಕೇ ಬಾಗಿಲು ಮುಚ್ಚಿತು.

ಸರಕಾರ ಇಲ್ಲವೇ ಅನ್ನಬಹುದು. 2023ರ ಜೂನಿನಿಂದ ಸರಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಅದೇ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ರೇಶನ್ ಕಾರ್ಡಿನ ಯಜಮಾನಿಗೆ. ಇವಳ ಹೆಸರು ಇನ್ನೂ ಅತ್ತೆಯ ಕಾರ್ಡಿನಲ್ಲಿದ್ದರೆ ಯಜಮಾನಿ ಅತ್ತೆಯೇ. ವಿಧವಾ ವೇತನಕ್ಕೆ ಗಂಡ ಸತ್ತ ಸರ್ಟಿಫಿಕೇಟು ಬೇಕು, ಓಡಿಹೋದವನು ಸತ್ತಿಲ್ಲವಲ್ಲ! ಕಾಗದದಲ್ಲಿ ಅವಳು ಮುತ್ತೈದೆ, ಹೊಟ್ಟೆಯಲ್ಲಿ ಅನಾಥೆ.

ಕೋರ್ಟಿನ ಕಥೆಯೂ ಅಷ್ಟೇ. ಶಾ ಬಾನೊ ಅವರ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಾಗ ದೇಶವೆಲ್ಲ ಧರ್ಮದ ಗದ್ದಲ. ಆ ದುಡ್ಡಿನಲ್ಲಿ ಒಬ್ಬ ಮುದುಕಿ ತಿಂಗಳು ದೂಡಬಹುದೇ ಎಂಬ ಮಾತು ಗದ್ದಲದಲ್ಲಿ ಅಡಗಿಹೋಯಿತು. 1986ರ ಕಾಯ್ದೆ ತೀರ್ಪನ್ನು ಮೊಟಕುಗೊಳಿಸಿತು. ವಿಚ್ಛೇದಿತ ಮುಸ್ಲಿಂ ಹೆಂಗಸಿಗೂ ಎಲ್ಲರಂತೆ ಜೀವನಾಂಶ ಕೇಳುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ಮತ್ತೆ ಹೇಳಬೇಕಾಯಿತು. ಹಕ್ಕು ಸಿಕ್ಕಿತು ಅನ್ನಿ. ಅದನ್ನು ಕೇಳಲು ಕೋರ್ಟಿಗೆ ಹೋದ ದಿನದ ಕೂಲಿ ಯಾರು ಕೊಡುತ್ತಾರೆ?

ಇವೆಲ್ಲ ಸಾಹಿತ್ಯವಲ್ಲ, ವರದಿ ಎನ್ನುವ ಪಂಡಿತರಿದ್ದಾರೆ. ಸ್ವಾಮಿ, ಉಳ್ಳವರ ಮನೆಯ ಆಸ್ತಿ ಪಾಲಿನ ಜಗಳ ಕಾದಂಬರಿಯಾಗಬಹುದಾದರೆ ಬೀಡಿಯವಳ ಪಾಸ್‌ಬುಕ್ಕು ಯಾಕಾಗಬಾರದು? ದುಡ್ಡಿನ ಮಾತು ಕೀಳು ಅನ್ನಿಸುವುದು ದುಡ್ಡಿನ ಕೊರತೆ ಕಾಣದವರಿಗೆ. ಅವಳ ಬಡತನ ಹಣೆಬರಹವಲ್ಲ. ಎಲೆ ಕಡಿಮೆ ಕೊಟ್ಟ ಕೈ, ಕಂತು ಎಣಿಸುವ ಕೈ, ಬಾಗಿಲು ಮುಚ್ಚಿದ ಕೈ ಇವೆ. ಲೆಕ್ಕ ಬರೆದರೆ ಆ ಕೈಗಳು ಕಾಣುತ್ತವೆ. ಬರೀ ಕಣ್ಣೀರು ಬರೆದರೆ ಮರೆಯಾಗುತ್ತವೆ.

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮ ಶಾಲೆಯಲ್ಲಿ ಅಪ್ಪನ ಹೆಸರು ಹೇಳಲು ತಡವರಿಸುವ ಮಕ್ಕಳಿದ್ದಾರೆ. ಅವರ ತಾಯಂದಿರ ಮೇಲೆ ಕನಿಕರದ ಕಥೆ ಕಟ್ಟಬೇಡಿ. ಒಂದು ತಿಂಗಳು ಹೇಗೆ ದಾಟಿದರೆಂದು ಅವರಿಂದಲೇ ಕೇಳಿ, ಅವರ ಮಾತಲ್ಲೇ ಬರೆಯಿರಿ. ನಮ್ಮ ಮುಂದಿನ ಕಾದಂಬರಿಯ ನಾಯಕಿ ಬದುಕಿರಬೇಕು.