ರಮಾಬಾಯಿ ಕೇಳಿದ ಪ್ರಶ್ನೆ

ನಮ್ಮ ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ಪುಣೆ ಸಮೀಪದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಕಟ್ಟಿದವರು ಪಂಡಿತಾ ರಮಾಬಾಯಿ. 1907ರ ಅವರ ಪುಟ್ಟ ಆತ್ಮಕಥನ ‘ಎ ಟೆಸ್ಟಿಮನಿ’ಯನ್ನು ಬರೀ ಮತಾಂತರದ ಕಥೆಯೆಂದು ಓದಿದರೆ ತಿರುಳು ಕೈತಪ್ಪುತ್ತದೆ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ‘ಕೆಟ್ಟವರು’ ಎಂದು ಸಮಾಜ ದೂರವಿಟ್ಟ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಸಲಹುವುದನ್ನು ಕಂಡು, ಇವರಿಗೇಕೆ ಈ ಅಕ್ಕರೆ ಎಂದು ಆಕೆ ಕೇಳುತ್ತಾರೆ. ಉತ್ತರವಾಗಿ ಸಿಕ್ಕಿದ್ದು ಯೇಸು ಮತ್ತು ಸಮಾರ್ಯದ ಹೆಂಗಸಿನ ಕಥೆ. ಆಕೆ ಕೆಲಸವನ್ನು ಮೊದಲು ಕಂಡರು, ನಂಬಿಕೆ ಆಮೇಲೆ ಬಂತು. 1896–97ರ ಬರದಲ್ಲಿ ಹಸಿದ ಹುಡುಗಿಯರಿಗಾಗಿ ತಲೆಹಿಡುಕರು ಹೊಂಚುಹಾಕುತ್ತಿದ್ದಾಗ, ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಮಂದಿಯನ್ನು ಕರೆತಂದದ್ದು ಅದೇ ನಂಬಿಕೆ.

ಕೊರತೆಯೂ ಇದೆ. ಫುಲ್‌ಹ್ಯಾಮ್‌ನ ಆ ಹೆಂಗಸರು ಕೃತಿಯಲ್ಲಿ ಮಾತಾಡುವುದೇ ಇಲ್ಲ. ಅವರು ಬದಲಾದರೆಂದು ಲೇಖಕಿಯೇ ಹೇಳುತ್ತಾರೆ. ಬಿಡಿಸಿಕೊಂಡು ಬಂದವಳಿಗೆ ಏನು ಬೇಕೆಂದು ಅವಳನ್ನೇ ಕೇಳಬೇಕಿತ್ತು. ಇಂದಿನ ರಕ್ಷಣಾ ಕಾರ್ಯದವರೂ ಈ ಪುಸ್ತಕವನ್ನು ಆ ಮೌನದ ಸಮೇತ ಓದಬೇಕು.