ಹೊಸ ಕ್ಯಾನಿಗೆ ಹಳೆಯ ಮೈ

1/35 ಅಳತೆಯ ಟ್ಯಾಂಕಿನ ಕಿಟ್ ತೆರೆದರೆ ಬಿಡಿಭಾಗಗಳ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ. ಸಲಿಕೆ, ಪಿಕಾಸಿ, ಬಕೆಟ್ಟು, ಗುಂಡಿನ ಪೆಟ್ಟಿಗೆ, ಪೆಟ್ರೋಲ್ ಕ್ಯಾನು ಎಲ್ಲ ಅದರಲ್ಲೇ ಅಂಟಿಕೊಂಡಿರುತ್ತವೆ. ಟ್ಯಾಂಕಿಗೆ ವಾರಗಟ್ಟಲೆ ಬಣ್ಣ ಹಚ್ಚುವ ಹವ್ಯಾಸಿಗಳು ಈ ಸಾಮಾನುಗಳನ್ನು ಮಾತ್ರ ಕೊನೆಯ ಸಂಜೆ ಅವಸರದಲ್ಲಿ ಮುಗಿಸುತ್ತಾರೆ. ಎಲ್ಲಕ್ಕೂ ಒಂದೇ ಕಂದು ನೀರು, ಅದರ ಮೇಲೆ ಒಂದಿಷ್ಟು ಕಿತ್ತಳೆ ತುಕ್ಕು. ಮಾದರಿಯನ್ನು ಮೇಜಿನ ಮೇಲಿಟ್ಟಾಗ ಬಲ್ಲವರ ಕಣ್ಣಿಗೆ ಮೊದಲು ಚುಚ್ಚುವುದೂ ಅವೇ.

ಸವೆತದಲ್ಲಿ ಎರಡು ಬಗೆ. ಬಿಸಿಲು, ಮಳೆ, ಧೂಳಿನಿಂದ ಆಗುವುದು ಒಂದು. ಜನ ಹಿಡಿದು, ಎತ್ತಿ, ಎಸೆದು ಆಗುವುದು ಇನ್ನೊಂದು. ಟ್ಯಾಂಕಿನ ದೊಡ್ಡ ಮೈಯಲ್ಲಿ ಮೊದಲನೆಯದಕ್ಕೆ ಜಾಗ ಹೆಚ್ಚು. ಕೈಸಾಮಾನುಗಳಲ್ಲಿ ಎರಡನೆಯದರದೇ ದರ್ಬಾರು. ಅಲ್ಲಿ ಕಲಿತದ್ದನ್ನು ಇಲ್ಲಿ ಹಾಗೇ ಹಚ್ಚಿದರೆ ಕೆಲಸ ಕೆಡುತ್ತದೆ. ದಿನವೂ ಮಣ್ಣು ಅಗೆಯುವ ಸಲಿಕೆಯ ಬಾಯಿಗೆ ತುಕ್ಕು ಹಿಡಿಯಲು ಪುರುಸೊತ್ತೇ ಇರುವುದಿಲ್ಲ. ಅದು ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಬಣ್ಣ ಉಳಿಯುವುದು ಕಾವು ಸೇರುವ ಕುತ್ತಿಗೆಯ ಬಳಿ. ಕಾವಿನ ಮರವೂ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿರುವುದಿಲ್ಲ, ಅಂಗೈಯ ಜಿಡ್ಡು ಕುಡಿದು ಕಪ್ಪಗೆ ನುಣ್ಣಗಾಗಿರುತ್ತದೆ. ನಮ್ಮ ಹಳ್ಳಿಗಳ ಹಿತ್ತಲಲ್ಲಿ ಗೋಡೆಗೆ ಒರಗಿಸಿಟ್ಟ ಗುದ್ದಲಿಯನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಸಾಮಾನುಗಳಲ್ಲೆಲ್ಲ ಹೆಚ್ಚು ಮನಸ್ಸಿಟ್ಟು ನೋಡಬೇಕಾದದ್ದು ಜೆರ್ರಿಕ್ಯಾನು. 1930ರ ದಶಕದಲ್ಲಿ ಜರ್ಮನ್ ಸೇನೆಗಾಗಿ ರೂಪುಗೊಂಡ 20 ಲೀಟರಿನ ಉಕ್ಕಿನ ಡಬ್ಬ ಅದು. ಜರ್ಮನರು ಅದರ ಗುಟ್ಟು ಬಿಟ್ಟುಕೊಡಲಿಲ್ಲ. ಗುಟ್ಟು ರಟ್ಟಾದ ಕತೆ ಭಾರತದ ದಾರಿಯಲ್ಲೇ ನಡೆಯಿತು. 1939ರಲ್ಲಿ ಬರ್ಲಿನ್‌ನಲ್ಲಿದ್ದ ಅಮೆರಿಕನ್ ಎಂಜಿನಿಯರ್ ಪಾಲ್ ಪ್ಲೈಸ್ ಒಬ್ಬ ಜರ್ಮನ್ ಸಹೋದ್ಯೋಗಿಯ ಜೊತೆ ಕಾರಿನಲ್ಲಿ ಭಾರತಕ್ಕೆ ಹೊರಟರು. ನೀರು ತುಂಬಿಕೊಳ್ಳಲು ಬೇರೇನೂ ಇಲ್ಲವೆಂದು ಆ ಜರ್ಮನ್ ಗೆಳೆಯ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಮೂರು ಕ್ಯಾನು ತಂದಿದ್ದ. ದಾರಿಯ ನಡುವೆ ಅವನನ್ನು ಜರ್ಮನಿಗೆ ವಾಪಸು ಕರೆಸಿಕೊಂಡರು. ಪ್ಲೈಸ್ ಒಬ್ಬರೇ ಕಲ್ಕತ್ತ ತಲುಪಿ, ಕ್ಯಾನುಗಳ ಸಮೇತ ಕಾರನ್ನು ಅಲ್ಲಿಯೇ ಬಿಟ್ಟು ಅಮೆರಿಕಕ್ಕೆ ಮರಳಿದರು. ಅಲ್ಲಿನ ಸೇನಾಧಿಕಾರಿಗಳಿಗೆ ಆ ಕ್ಯಾನಿನ ಮಹಿಮೆ ಹೇಳಿದಾಗ ಮೊದಲಿಗೆ ಯಾರೂ ಕಿವಿಗೊಡಲಿಲ್ಲ.

ಮಹಿಮೆ ಇದ್ದದ್ದು ಅದರ ಆಕಾರದಲ್ಲಿ. ಬಣ್ಣ ಹಚ್ಚುವವರು ಕುಂಚ ಎತ್ತುವ ಮೊದಲು ಅದನ್ನೇ ಓದಿಕೊಳ್ಳಬೇಕು. ತಲೆಯ ಮೇಲೆ ಮೂರು ಹಿಡಿಕೆ: ನಡುವಿನದು ಒಬ್ಬನೇ ಹೊರುವುದಕ್ಕೆ, ಆಚೀಚಿನವು ಇಬ್ಬರು ಸೇರಿ ಹಿಡಿಯುವುದಕ್ಕೆ. ಹಾಗಾಗಿ ಬಣ್ಣ ಮೊದಲು ಹೋಗುವುದು ಹಿಡಿಕೆಗಳ ಮೇಲೆ. ಪಕ್ಕದ ತಗಡಿನಲ್ಲಿ ಗುಣಾಕಾರ ಚಿಹ್ನೆಯಂತೆ ಒತ್ತಿದ ತಗ್ಗು ಇದೆ, ಸುತ್ತಲಿನ ಬೆಸುಗೆ ಗೆರೆಯೂ ಒಳಕ್ಕೆ ಕೂತಿದೆ. ತಗ್ಗಿನಲ್ಲಿದ್ದುದಕ್ಕೆ ಉಜ್ಜುವಿಕೆ ತಗಲುವುದಿಲ್ಲ. ಅಲ್ಲಿ ಹಳೆಯ ಬಣ್ಣ ಉಳಿದು ಧೂಳು ಕೂರುತ್ತದೆ. ಬಣ್ಣ ಚಕ್ಕೆ ಏಳುವುದು ತಗ್ಗಿನ ಸುತ್ತಲಿನ ಚಪ್ಪಟೆ ಭಾಗದಲ್ಲಿ, ಮೂಲೆಗಳಲ್ಲಿ, ಲಾರಿಯ ತಳಕ್ಕೆ ಕುಕ್ಕರಿಸುವ ಅಡಿಯಂಚಿನಲ್ಲಿ. ಇನ್ನು ಬಾಯಿಯ ಕೆಳಗೆ ಚೆಲ್ಲಿದ ಪೆಟ್ರೋಲು ಧೂಳನ್ನು ತೊಳೆದುಕೊಂಡು ಇಳಿದು, ಜಿಡ್ಡಿನ ಕಪ್ಪು ಪಟ್ಟೆ ಬಿಡುತ್ತದೆ. ನೀರಿನ ಕ್ಯಾನಿಗೆ ಈ ಕಪ್ಪು ಪಟ್ಟೆ ಸಲ್ಲದು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಜರ್ಮನರು ನೀರಿನ ಕ್ಯಾನುಗಳಿಗೆ ಬಿಳಿ ಶಿಲುಬೆ ಬರೆಯುತ್ತಿದ್ದರು. ಅಂಥ ಶಿಲುಬೆಯ ಮೇಲೆ ಎಣ್ಣೆ ಕಲೆ ಸುರಿದ ಮಾದರಿಗಳು ಎಷ್ಟೋ ಕಾಣಸಿಗುತ್ತವೆ. ಚಂದವಾಗಿರುತ್ತವೆ, ಆದರೆ ಆ ನೀರನ್ನು ಯಾರೂ ಕುಡಿಯಲಾರರು.

ಕಿತ್ತಳೆ ತುಕ್ಕು ಬಳಿಯಲೇಬೇಕು ಎನ್ನುವವರಿಗೆ ಅದೇ ಮರಳುಗಾಡಿನಲ್ಲಿ ಬ್ರಿಟಿಷರ ಡಬ್ಬವಿದೆ. 4 ಗ್ಯಾಲನ್ ಹಿಡಿಯುವ ತೆಳು ತಗಡಿನ ಚೌಕ ಡಬ್ಬ. ಲಾರಿಯ ಕುಲುಕಾಟಕ್ಕೇ ಸೀಳಿ ಸೋರುತ್ತಿತ್ತು. ಖಾಲಿಯಾದದ್ದನ್ನು ಸೈನಿಕರು ಕತ್ತರಿಸಿ, ಮರಳು ತುಂಬಿ, ಪೆಟ್ರೋಲು ಸುರಿದು ಚಹಾದ ಒಲೆ ಮಾಡಿಕೊಳ್ಳುತ್ತಿದ್ದರು. ನಗ್ಗಿದ, ಸುಟ್ಟ, ಮಸಿ ಹಿಡಿದ ಆ ತಗಡಿಗೆ ತುಕ್ಕು ಎಷ್ಟು ಬಳಿದರೂ ಒಪ್ಪುತ್ತದೆ.

ಹೊಸದನ್ನು ಹಳೆಯದಾಗಿ ಕಾಣುವಂತೆ ಮಾಡುವ ಈ ಕೆಲಸಕ್ಕೆ ಮರ್ಯಾದೆ ತಂದವರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ಫೋಟೊಗ್ರಾಫರ್ ಜಾನ್ ಅಲೆನ್ ದೊಡ್ಡವರು. ಅವರು ಮನೆಯಲ್ಲಿ ಕಟ್ಟಿದ ಮಾದರಿ ರೈಲುಮಾರ್ಗದಲ್ಲಿ ಎಂಜಿನ್ನು, ವ್ಯಾಗನ್ನು, ಗೋದಾಮು ಎಲ್ಲವೂ ದುಡಿದು ದಣಿದಂತೆ ಕಾಣುತ್ತಿದ್ದವು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ರೈಲುಮಾರ್ಗವೂ ಹೋಯಿತು. ಸೇನಾ ಮಾದರಿಗಳಲ್ಲಿ ಇದನ್ನು ಮನೆಮಾತಾಗಿಸಿದವರು ಅಮೆರಿಕದ ಶೆಪ್ ಪೇನ್, ಬೆಲ್ಜಿಯಮ್ಮಿನ ಫ್ರಾನ್ಸ್ವಾ ವರ್ಲಿಂಡನ್.

ಈಗ ಮೇಜಿನ ಕೆಲಸ. ನಿಜವಾದ ಕ್ಯಾನಿನ ಎತ್ತರ ಸುಮಾರು 470 ಮಿಲಿಮೀಟರ್; 1/35ರಲ್ಲಿ ಅದು 13.4 ಮಿಲಿಮೀಟರಿಗೆ ಇಳಿಯುತ್ತದೆ. ಇದರ ಮೇಲೆ 1 ಮಿಲಿಮೀಟರಿನ ಚಕ್ಕೆ ಎಬ್ಬಿಸಿದರೆ ಅಸಲಿ ಕ್ಯಾನಿನಲ್ಲಿ 35 ಮಿಲಿಮೀಟರಿನಷ್ಟು ಬಣ್ಣ ಕಿತ್ತಂತೆ. ಹೆಚ್ಚಿನವರು ಎಡವುವುದು ಈ ಲೆಕ್ಕದಲ್ಲೇ.

ಟ್ಯಾಂಕಿನ ಮೈಗೆ ಹೇರ್‌ಸ್ಪ್ರೇ ವಿಧಾನ ಬಲು ಸೊಗಸು: ಉಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಅಕ್ರಿಲಿಕ್, ಆಮೇಲೆ ನೀರು ಸವರಿದರೆ ಒಳಗಿನ ಹೇರ್‌ಸ್ಪ್ರೇ ಕರಗಿ, ಗಡುಸು ಕುಂಚದ ಕುಟ್ಟುವಿಕೆಗೆ ಮೇಲಿನ ಬಣ್ಣ ಚಕ್ಕೆಯಾಗಿ ಏಳುತ್ತದೆ. ಕ್ಯಾನಿನಷ್ಟು ಸಣ್ಣ ವಸ್ತುವಿಗೆ ಇದು ಹಿಡಿತಕ್ಕೆ ಸಿಗುವುದಿಲ್ಲ. ಪಾರ್ಸಲ್ಲಿನೊಳಗೆ ಬರುವ ಸ್ಪಂಜನ್ನು ಚಿವುಟಿ, ಕಪ್ಪು ಬೆರೆಸಿದ ಕಂದಿನಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಬಣ್ಣ ಹೆಚ್ಚುಕಡಿಮೆ ಮುಗಿದ ಮೇಲೆ ಕ್ಯಾನಿನ ಮೂಲೆಗೆ ಸೋಕಿಸುವುದೇ ಮೇಲು. ಸೋಕಿಸಬೇಕು, ಒತ್ತಬಾರದು.

ತಗ್ಗುಗಳಿಗೆ ಎಣ್ಣೆಬಣ್ಣ ಬೇಕು. ದುಬಾರಿ ಆಮದು ಸೀಸೆಗಳೇ ಆಗಬೇಕೆಂದಿಲ್ಲ; ಸ್ಟೇಷನರಿ ಅಂಗಡಿಯ ಕ್ಯಾಮೆಲ್ ಬರ್ನ್ಟ್ ಅಂಬರ್ ಟ್ಯೂಬು ಸಾಕು. ಅದನ್ನು ರಟ್ಟಿನ ಮೇಲೆ ಹಿಂಡಿ ಸ್ವಲ್ಪ ಹೊತ್ತು ಬಿಟ್ಟರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರುತ್ತದೆ, ಬಣ್ಣ ಹೊಳಪಿಲ್ಲದೆ ಒಣಗುತ್ತದೆ. ವೈಟ್ ಸ್ಪಿರಿಟ್ಟಿನಲ್ಲಿ ತೆಳ್ಳಗೆ ಮಾಡಿ ಕುಂಚದ ತುದಿಯನ್ನು ಬೆಸುಗೆ ಗೆರೆಗೆ ಮುಟ್ಟಿಸಿದರೆ ಬಣ್ಣ ತಾನೇ ಗೆರೆ ಹಿಡಿದು ಓಡುತ್ತದೆ. ಚೆನ್ನಾಗಿ ಒಣಗಿದ ಅಕ್ರಿಲಿಕ್ಕಿಗೆ ಈ ದ್ರಾವಕದಿಂದ ಅಪಾಯವಿಲ್ಲ. ಆದರೆ ಮೊದಲೇ ಹೊಳಪಿನ ವಾರ್ನಿಷ್ ಕೊಟ್ಟಿರಬೇಕು. ಮಂಕು ಮೈಮೇಲೆ ಬಣ್ಣ ಗೆರೆ ಬಿಟ್ಟು ಸುತ್ತಲೂ ಹಬ್ಬಿ ಕಲೆಯಾಗುತ್ತದೆ.

ಆಮೇಲೆ ಕ್ರಮ ತಪ್ಪಬಾರದು. ಎಲ್ಲ ಒಣಗಿದ ಮೇಲೆ ಮಂಕು ವಾರ್ನಿಷ್, ಅದರ ಮೇಲೆ ಕೆಳಭಾಗಕ್ಕೆ ತಿಳಿಮಣ್ಣಿನ ಬಣ್ಣದ ಪುಡಿ. ಪೆಟ್ರೋಲಿನ ಪಟ್ಟೆ, ಹಿಡಿಕೆಯ ಹೊಳಪು ಎರಡೂ ಕಟ್ಟಕಡೆಗೆ. ಪಟ್ಟೆಗೆ ಕಂದು ಎಣ್ಣೆಬಣ್ಣದಲ್ಲಿ ಒಂದು ಹನಿ ಹೊಳಪಿನ ವಾರ್ನಿಷ್ ಬೆರೆಸಬೇಕು. ಹಿಡಿಕೆಗೆ ಮೆತ್ತನೆಯ ಪೆನ್ಸಿಲಿನ ಮೊನೆ ಉಜ್ಜಿದರೆ ಬರಿಗೈ ಸವೆಸಿದ ಉಕ್ಕು ಎದ್ದು ಬರುತ್ತದೆ. ಮಂಕು ವಾರ್ನಿಷನ್ನು ಕೊನೆಗೆ ಹೊಡೆದರೆ ಈ ಎರಡೂ ಹೊಳಪು ಸತ್ತುಹೋಗುತ್ತವೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಮಂಕು ವಾರ್ನಿಷಿನ ಸ್ಪ್ರೇ ಡಬ್ಬಿಯನ್ನು ಮುಟ್ಟದಿರುವುದೇ ಒಳಿತು. ಗಾಳಿಯ ತೇವ ಸೇರಿ ಇಡೀ ಮೈ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ.

ಆರು ಕ್ಯಾನುಗಳ ಸಾಲಿದ್ದರೆ ಆರಕ್ಕೂ ಒಂದೇ ಹಣೆಬರಹ ಬರೆಯಬಾರದು. ಬ್ರಿಟಿಷರು ವಶಪಡಿಸಿಕೊಂಡ ಜರ್ಮನ್ ಕ್ಯಾನುಗಳನ್ನು ತಮ್ಮ ಲಾರಿಗಳಲ್ಲಿ ಹೇರಿಕೊಂಡು ತಿರುಗಿದರು, ಆಮೇಲೆ ಅವನ್ನೇ ನಕಲು ಮಾಡಿದರು. ಹಾಗಾಗಿ ಅವರ ಲಾರಿಯಲ್ಲಿ ಜರ್ಮನ್ ಕಡುಬೂದು, ಮರಳುಹಳದಿ, ಬ್ರಿಟಿಷ್ ಹಸಿರು ಒಂದರ ಪಕ್ಕ ಒಂದು ಕೂತರೆ ಇತಿಹಾಸಕ್ಕೂ ಸರಿ, ಕಣ್ಣಿಗೂ ಹಬ್ಬ. ಅದರಲ್ಲಿ ಒಂದಾದರೂ ನಿನ್ನೆಯಷ್ಟೇ ಉಗ್ರಾಣದಿಂದ ಬಂದಂತೆ, ಧೂಳು ಬಿಟ್ಟು ಬೇರೇನೂ ತಗಲದ ಕ್ಯಾನಾಗಿರಲಿ.